ತಿಪ್ಪರಲಾಗವೂ ಒಂದು ಪಾಠವೇ

ಶಾಲೆಯೊಂದರ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಿವೃತ್ತ ಮುಖ್ಯೋಪಾಧ್ಯಾಯನೊಬ್ಬನು ಲೇಖನ ಬರೆಯುವಾಗ ಗಡಿನಾಡಿನ ಕನ್ನಡದ ಅಳಿವು ಉಳಿವು, ಗುರುಶಿಷ್ಯ ಸಂಬಂಧ, ಅಥವಾ ಸಂಸ್ಥೆಯು ನಡೆದು ಬಂದ ದಾರಿ, ಇವುಗಳಲ್ಲೊಂದನ್ನು ಆರಿಸಿಕೊಳ್ಳುವುದು ವಾಡಿಕೆ. ಆ ವಿಷಯಗಳನ್ನು ಕುರಿತು ನನಗಿಂತ ಸಮರ್ಥರಾದವರು ಈ ಸಂಚಿಕೆಯಲ್ಲಿ ಬರೆದಿರುವರೆಂಬ ಭರವಸೆಯಿಂದ ನಾನು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಅದು ತಿಪ್ಪರಲಾಗ. ಜಿಮ್ನಾಸ್ಟಿಕ್ಸಿನಲ್ಲಿ ಓಡಿಬಂದು, ನೆಲಕ್ಕೆ ಕೈಯೂರಿ, ಹಿಮ್ಮುಖವಾಗಿ ಗಾಳಿಯಲ್ಲಿ ಒಂದು ಸುತ್ತು ತಿರುಗಿ ಕಾಲೂರಿ ನಿಲ್ಲುವ ಆ ಲಾಗ.

ಇದರಲ್ಲಿ ಲೇಖನ ಬರೆಯುವಂಥದ್ದೇನಿದೆ ಎಂದು ವಾಚಕರು ಕೇಳಬಹುದು. ನಮ್ಮ ಭಾಷೆಯಲ್ಲಿ ‘ತಿಪ್ಪರಲಾಗ ಹಾಕಿದರೂ ಆಗದು’ ಎಂಬ ಮಾತಿದೆ. ಮನುಷ್ಯ ಪ್ರಯತ್ನದ ಕೊನೆಯ ಮೆಟ್ಟಿಲೆಂದರೆ ತಿಪ್ಪರಲಾಗವೆಂಬ ಭಾವನೆ ಆ ಮಾತಿನಲ್ಲಡಗಿದೆ. ಊರಿನಲ್ಲಿ ಲಾಗ ಹಾಕುವ ಹುಡುಗನನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳನ್ನು ನಾನು ಜೀವಮಾನವಿಡೀ ಕೇಳುತ್ತ ಬಂದಿದ್ದೇನೆ. ಒಂದು, ‘ಅವನು ಸರ್ಕಸ್ಸಿಗೆ ಹೋಗಲಿ, ಶಾಲೆಗೆ ಯಾಕೆ?’ ಎಂಬುದು. ಇನ್ನೊಂದು, ‘ಅದು ಹುಟ್ಟಿನಿಂದಲೇ ಬರಬೇಕು, ಕಲಿಸಿ ಬರುವಂಥದ್ದಲ್ಲ’ ಎಂಬುದು. ಇವೆರಡೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಲಾಗವು ಹುಚ್ಚು ಧೈರ್ಯವೂ ಅಲ್ಲ, ದೈವದತ್ತವಾದ ಪವಾಡವೂ ಅಲ್ಲ. ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿರುವ ನಿಯಮಗಳಿಗೆ ದೇಹವು ಕ್ರಮಬದ್ಧವಾಗಿ ತಲೆಬಾಗುವ ಒಂದು ಕ್ರಿಯೆ ಅದು. ಆದುದರಿಂದಲೇ ಅದನ್ನು ಕಲಿಸಬಹುದು, ಮತ್ತು ಕಲಿಸದೆ ಬಿಡುವುದು ಅಪಾಯ.

ಮೊದಲು ಆ ಕ್ರಿಯೆಯನ್ನೇ ಬಿಡಿಸಿ ನೋಡೋಣ. ಆಟಗಾರನು ಮುಮ್ಮುಖವಾಗಿ ಓಡಿಬರುತ್ತಾನೆ. ಹಿಮ್ಮುಖವಾಗಿ ಅಷ್ಟೇ ವೇಗದಿಂದ ಓಡಲು ಯಾರಿಗೂ ಸಾಧ್ಯವಿಲ್ಲ. ಹಾಗಾಗಿ ಓಟದ ವೇಗವನ್ನು ಕಳೆದುಕೊಳ್ಳದೆ ಮುಖದ ದಿಕ್ಕನ್ನು ಮಾತ್ರ ಬದಲಾಯಿಸಿಕೊಳ್ಳಲು ‘ರೌಂಡ್ ಆಫ್’ ಎಂಬ ಚಲನೆಯನ್ನು ಬಳಸುತ್ತಾರೆ. ಬಂಡಿಯ ಚಕ್ರದಂತೆ ಕೈಗಳನ್ನೂರಿ, ಅರ್ಧ ಸುತ್ತು ತಿರುಗಿ, ಎರಡೂ ಪಾದಗಳನ್ನು ಒಟ್ಟಿಗೆ ನೆಲಕ್ಕೆ ತರುವುದೇ ರೌಂಡ್ ಆಫ್. ಇದಾದಾಗ ದೇಹವು ಬೆನ್ನು ಮುಂದಾಗಿ ಸಾಗುತ್ತಿರುತ್ತದೆ. ಆ ಕ್ಷಣದಲ್ಲಿ ನೆಲವು ಪಾದಗಳನ್ನು ತಡೆಯುತ್ತದೆ. ಬಸ್ಸಿನಲ್ಲಿ ನಿಂತಿರುವಾಗ ಚಾಲಕನು ಹಠಾತ್ತನೆ ಬ್ರೇಕು ಹಾಕಿದರೆ ನಮಗೇನಾಗುತ್ತದೆ? ಪಾದಗಳು ಬಸ್ಸಿನೊಡನೆ ನಿಲ್ಲುತ್ತವೆ, ಎದೆ ಮತ್ತು ತಲೆ ಮುಂದುವರಿಯುತ್ತವೆ, ಮೈ ಮುಗ್ಗರಿಸುತ್ತದೆ. ಬಸ್ಸಿನಲ್ಲಿ ನಮಗೆ ಬೇಡವಾದ ಆ ಮುಗ್ಗರಿಸುವಿಕೆಯೇ ಜಿಮ್ನಾಸ್ಟನಿಗೆ ಬೇಕಾದ ತಿರುಗಣೆ. ಪಾದಗಳು ನೆಲವನ್ನು ಒತ್ತುತ್ತವೆ, ನೆಲವು ಪಾದಗಳನ್ನು ಅಷ್ಟೇ ಬಲದಿಂದ ಮರಳಿ ನೂಕುತ್ತದೆ. ನ್ಯೂಟನ್ನನ ಮೂರನೆಯ ನಿಯಮವಿದು. ಆ ನೂಕುವಿಕೆಯ ರೇಖೆಯು ದೇಹದ ಗುರುತ್ವ ಕೇಂದ್ರದ ಮೂಲಕವೇ ಹಾದುಹೋದರೆ ದೇಹವು ತಿರುಗದೆ ಹಾರುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿದು ಹಾದುಹೋದರೆ ಹಾರುತ್ತಲೇ ತಿರುಗುತ್ತದೆ. ಇದೆಲ್ಲ ನಡೆಯುವುದು ಸೆಕೆಂಡಿನ ಸುಮಾರು ಹತ್ತನೆಯ ಒಂದು ಭಾಗದಷ್ಟು ಅವಧಿಯಲ್ಲಿ.

ಪಾದಗಳು ನೆಲವನ್ನು ಬಿಟ್ಟ ಮೇಲೆ ಏನನ್ನೂ ಸಂಪಾದಿಸಲು ಸಾಧ್ಯವಿಲ್ಲ. ಗುರುತ್ವ ಕೇಂದ್ರವು ಯಾವ ಪರವಲಯದಲ್ಲಿ ಸಾಗಬೇಕೆಂಬುದು ಅಷ್ಟರಲ್ಲಿ ನಿಶ್ಚಯವಾಗಿರುತ್ತದೆ. ಎಷ್ಟು ಹೊತ್ತು ಗಾಳಿಯಲ್ಲಿರಬಹುದೆಂಬುದೂ ನಿಶ್ಚಯವಾಗಿರುತ್ತದೆ. ಗುರುತ್ವ ಕೇಂದ್ರವು 25 ಸೆಂಟಿಮೀಟರ್ ಮೇಲೇರಿದರೆ ಸಿಗುವ ಕಾಲ ಸುಮಾರು 0.45 ಸೆಕೆಂಡು, 50 ಸೆಂಟಿಮೀಟರ್ ಏರಿದರೆ ಸುಮಾರು 0.64 ಸೆಕೆಂಡು, ಒಂದು ಮೀಟರ್ ಏರಿದರೆ ಸುಮಾರು 0.90 ಸೆಕೆಂಡು. ಕಾಲವನ್ನು ಇಮ್ಮಡಿ ಮಾಡಬೇಕಾದರೆ ಎತ್ತರವನ್ನು ನಾಲ್ಮಡಿ ಮಾಡಬೇಕೆಂಬ ಲೆಕ್ಕವನ್ನು ವಾಚಕರು ಗಮನಿಸಬೇಕು. ತಿರುಗಣೆಯ ಮೊತ್ತವನ್ನು ಸೂಚಿಸುವ ಕೋನೀಯ ಸಂವೇಗವೂ ಹಾಗೆಯೇ, ನೆಲ ಬಿಡುವಾಗ ಎಷ್ಟಿತ್ತೋ ಮತ್ತೆ ನೆಲ ಮುಟ್ಟುವವರೆಗೆ ಅಷ್ಟೇ ಇರುತ್ತದೆ.

ಹಾಗಾದರೆ ಗಾಳಿಯಲ್ಲಿ ಆಟಗಾರನ ಕೈಯಲ್ಲಿ ಉಳಿಯುವುದೇನು? ತನ್ನ ದೇಹದ ಆಕಾರ. ಇದನ್ನು ತಿಳಿಸಲು ನಮ್ಮ ಊರಿನಲ್ಲಿ ದೂರ ಹೋಗಬೇಕಾಗಿಲ್ಲ. ಅಡಿಕೆ ಕೊಯ್ಯುವ ದೋಟಿಯನ್ನು ತುದಿಯಲ್ಲಿ ಹಿಡಿದು ತಿರುಗಿಸಿ ನೋಡಿ, ಬಳಿಕ ನಡುವಿನಲ್ಲಿ ಹಿಡಿದು ತಿರುಗಿಸಿ ನೋಡಿ. ದೋಟಿಯ ಭಾರ ಅದೇ, ಆದರೆ ತುದಿಯಲ್ಲಿ ಹಿಡಿದಾಗ ತಿರುಗಣೆಗೆ ಅದು ಒಡ್ಡುವ ಪ್ರತಿರೋಧ ಬಹಳ ಹೆಚ್ಚು. ಉದ್ದಕ್ಕೂ ಒಂದೇ ದಪ್ಪವಿರುವ ಕೋಲಾದರೆ ಈ ಪ್ರತಿರೋಧವು ಸರಿಯಾಗಿ ನಾಲ್ಕು ಪಟ್ಟಾಗುತ್ತದೆ. ಭಾರವು ಅಕ್ಷದಿಂದ ದೂರವಾದಷ್ಟೂ ತಿರುಗಿಸುವುದು ಕಷ್ಟ ಎಂಬುದೇ ಇದರ ತಾತ್ಪರ್ಯ. ಲಾಗ ಹಾಕುವವನು ಮೊಣಕಾಲುಗಳನ್ನು ಎದೆಗೆ ಸೆಳೆದು ಮುದ್ದೆಯಾದಾಗ ಅವನ ದೇಹದ ಈ ಭ್ರಮಣ ಜಡತ್ವವು ನೆಟ್ಟಗಿದ್ದಾಗಿನ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕೋನೀಯ ಸಂವೇಗವು ಬದಲಾಗದಿರುವುದರಿಂದ ತಿರುಗುವ ವೇಗವು ಸುಮಾರು ಮೂರು ಪಟ್ಟಾಗುತ್ತದೆ. ಇಳಿಯುವ ಮುನ್ನ ಮೈಯನ್ನು ಬಿಚ್ಚಿದರೆ ವೇಗವು ತಾನಾಗಿಯೇ ತಗ್ಗುತ್ತದೆ. ಮುದುಡುವುದು, ಬಿಚ್ಚುವುದು, ಇವೆರಡೇ ಅವನ ಲಗಾಮು.

ಹೊಸಬರಲ್ಲಿ ಹಲವರು ಜಿಗಿಯುವ ಮೊದಲೇ ತಲೆಯನ್ನು ಹಿಂದಕ್ಕೆ ಎಸೆದು, ಬೆನ್ನನ್ನು ಹಿಂದಕ್ಕೆ ಬಾಗಿಸುತ್ತಾರೆ. ತಿರುಗಲು ಅದು ನೆರವಾಗುವುದೆಂಬ ಭ್ರಮೆ. ಆದರೆ ಹಾಗೆ ಮಾಡಿದಾಗ ನೆಲದ ನೂಕುಬಲವು ಮೇಲಕ್ಕೆ ಹೋಗಬೇಕಾದದ್ದು ಹಿಂದಕ್ಕೆ ಹೋಗುತ್ತದೆ. ಎತ್ತರ ತಗ್ಗುತ್ತದೆ, ಎತ್ತರದೊಡನೆ ಕಾಲವೂ ತಗ್ಗುತ್ತದೆ, ಸುತ್ತು ಪೂರ್ತಿಯಾಗುವ ಮೊದಲೇ ನೆಲ ಬಂದುಬಿಡುತ್ತದೆ. ‘ಮೊದಲು ಏರು, ಆಮೇಲೆ ತಿರುಗು’ ಎಂದು ಬಲ್ಲ ಶಿಕ್ಷಕರು ಹೇಳುವುದು ಇದೇ ಕಾರಣಕ್ಕಾಗಿ. ಆ ಒಂದು ವಾಕ್ಯವನ್ನು ಹೇಳುವವರಿಲ್ಲದೆ ಗದ್ದೆಯಲ್ಲಿ, ತೋಡಿನ ಬದಿಯಲ್ಲಿ ತಾವೇ ಕಲಿಯಲು ಹೊರಟ ಮಕ್ಕಳ ಕುತ್ತಿಗೆಯೇ ಆ ಅಜ್ಞಾನದ ಬೆಲೆ ತೆರಬೇಕಾಗುತ್ತದೆ.

ಇಳಿಯುವ ಲೆಕ್ಕವೂ ಅಷ್ಟೇ ಮುಖ್ಯ. ಒಂದು ಮೀಟರ್ ಎತ್ತರದಿಂದ ಬೀಳುವ ದೇಹವನ್ನು 10 ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಿದರೆ ಕಾಲುಗಳು ತಾಳಬೇಕಾದ ಸರಾಸರಿ ಬಲವು ದೇಹಭಾರದ 11 ಪಟ್ಟು. ಮೊಣಕಾಲು, ಸೊಂಟಗಳನ್ನು ಬಾಗಿಸಿ 50 ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಿದರೆ ಅದು ಕೇವಲ 3 ಪಟ್ಟು. ಉನ್ನತ ಮಟ್ಟದ ಜಿಮ್ನಾಸ್ಟರು ಗಾಳಿಯಲ್ಲಿ ಎರಡು ಸುತ್ತು ತಿರುಗಿ ಇಳಿಯುವಾಗ ಈ ಬಲದ ಗರಿಷ್ಠ ಪ್ರಮಾಣವು ದೇಹಭಾರದ ಹತ್ತು ಪಟ್ಟನ್ನು ಮೀರುವುದುಂಟೆಂದು ಪ್ರಯೋಗಾಲಯಗಳಲ್ಲಿ ಅಳೆದಿದ್ದಾರೆ. ಅವರ ಸ್ಪರ್ಧೆಯ ಅಂಗಣದ ಕೆಳಗೆ ಸ್ಪ್ರಿಂಗುಗಳೂ ಹಲಗೆಗಳೂ ಮೆತ್ತೆಯೂ ಇರುತ್ತವೆ. ನಮ್ಮ ಶಾಲೆಗಳ ಸಿಮೆಂಟಿನ ಜಗಲಿಗೆ ಆ ಕರುಣೆಯಿಲ್ಲ.

ಹೆತ್ತವರೂ ಅಧ್ಯಾಪಕರೂ ತಿಳಿದಿರಬೇಕಾದ ಇನ್ನೊಂದು ಲೆಕ್ಕವಿದೆ. 140 ಸೆಂಟಿಮೀಟರ್ ಎತ್ತರವಿದ್ದ ಹುಡುಗನು ಬೆಳೆದು 154 ಸೆಂಟಿಮೀಟರ್ ಆದನೆನ್ನಿ. ಎತ್ತರ ಹೆಚ್ಚಿದ್ದು ನೂರಕ್ಕೆ ಹತ್ತು. ಅಂಗಾಂಗಗಳ ಪ್ರಮಾಣವೆಲ್ಲ ಅದೇ ಇದ್ದರೆ ಅವನ ತೂಕ ನೂರಕ್ಕೆ 33ರಷ್ಟು ಹೆಚ್ಚುತ್ತದೆ. ಸ್ನಾಯುಗಳ ಅಡ್ಡಕೊಯ್ತವನ್ನು ಅವಲಂಬಿಸಿದ ಶಕ್ತಿಯು ನೂರಕ್ಕೆ 21ರಷ್ಟು ಮಾತ್ರ ಹೆಚ್ಚುತ್ತದೆ. ಭ್ರಮಣ ಜಡತ್ವವಾದರೋ ನೂರಕ್ಕೆ 61ರಷ್ಟು ಹೆಚ್ಚುತ್ತದೆ. ಕಳೆದ ವರ್ಷ ಸಲೀಸಾಗಿ ಲಾಗ ಹಾಕುತ್ತಿದ್ದ ಮಗು ಈ ವರ್ಷ ತಡವರಿಸಿದರೆ ‘ಸೋಮಾರಿಯಾದೆ, ಹೆದರುಪುಕ್ಕಲನಾದೆ’ ಎಂದು ಬೈಯುವ ಮೊದಲು ಈ ಗಣಿತವನ್ನು ನೆನೆಯುವುದು ಒಳ್ಳೆಯದು. ಮಗುವಿನ ತಪ್ಪು ಅದರಲ್ಲಿ ಏನೂ ಇಲ್ಲ. ಬೆಳೆದ ದೇಹವು ಹಳೆಯ ಪಾಠವನ್ನು ಹೊಸದಾಗಿ ಕಲಿಯುತ್ತಿದೆ, ಅಷ್ಟೆ.

ಈ ನಿಯಮಗಳು ದೊಡ್ಡವರಿಗೂ ರಿಯಾಯಿತಿ ತೋರಿಸಿದ್ದಿಲ್ಲ. ಸೋವಿಯತ್ ದೇಶದ ಎಲೆನಾ ಮುಖಿನಾ 1978ರ ವಿಶ್ವಚಾಂಪಿಯನ್. 1979ರಲ್ಲಿ ಆಕೆಯ ಕಾಲು ಮುರಿಯಿತು. ಅದು ಪೂರ್ಣವಾಗಿ ಬಲಗೊಳ್ಳುವ ಮೊದಲೇ ಮಾಸ್ಕೋ ಒಲಿಂಪಿಕ್ಸಿಗಾಗಿ ಕಠಿಣ ತರಬೇತಿ ಆರಂಭವಾಯಿತು. 1980ರ ಜುಲೈ ತಿಂಗಳಿನಲ್ಲಿ, ಒಲಿಂಪಿಕ್ಸಿಗೆ ಕೆಲವೇ ದಿನಗಳಿರುವಾಗ, ‘ಥಾಮಸ್ ಸಾಲ್ಟೊ’ ಎಂಬ ಲಾಗವನ್ನು ಅಭ್ಯಾಸ ಮಾಡುತ್ತಿದ್ದಾಗ ಸುತ್ತು ಪೂರ್ತಿಯಾಗದೆ ಗದ್ದದ ಮೇಲೆ ಬಿದ್ದು ಕುತ್ತಿಗೆಯ ಮೂಳೆ ಮುರಿಯಿತು. ಇಪ್ಪತ್ತರ ವಯಸ್ಸಿನ ಆ ತರುಣಿ 2006ರಲ್ಲಿ ತೀರಿಕೊಳ್ಳುವವರೆಗೆ ಕೈಕಾಲುಗಳ ಶಕ್ತಿಯಿಲ್ಲದೆ ಬದುಕಿದರು. ಇನ್ನೊಂದೆಡೆ ಅಮೆರಿಕದ ಸಿಮೋನ್ ಬೈಲ್ಸ್ 2019ರ ವಿಶ್ವಸ್ಪರ್ಧೆಯಲ್ಲಿ ಒಂದೇ ನೆಗೆತದಲ್ಲಿ ಎರಡು ಹಿಂಲಾಗಗಳನ್ನೂ ಮೂರು ತಿರುಚುಗಳನ್ನೂ ಮಾಡಿ ತೋರಿಸಿದರು. ಅದೇ ಬೈಲ್ಸ್ 2021ರಲ್ಲಿ ಟೋಕಿಯೊದಲ್ಲಿ, ಗಾಳಿಯಲ್ಲಿ ತಾನೆಲ್ಲಿದ್ದೇನೆಂಬ ಅರಿವು ತಪ್ಪುತ್ತಿದೆಯೆಂದು ತಿಳಿದೊಡನೆ ತಂಡದ ಫೈನಲ್ಲಿನಿಂದ ಹಿಂದೆ ಸರಿದರು. ಹಲವರು ಅದನ್ನು ಹೇಡಿತನವೆಂದರು. ನನ್ನ ದೃಷ್ಟಿಯಲ್ಲಿ ಅದು ಆಕೆಯ ವಿದ್ಯೆಯ ಭಾಗ. ನಿಯಮವನ್ನು ಬಲ್ಲವರಿಗೆ ಮಾತ್ರ ಯಾವಾಗ ಹಾರಬಾರದೆಂಬುದೂ ಗೊತ್ತಿರುತ್ತದೆ. ಮೂರು ವರ್ಷಗಳ ಬಳಿಕ, 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ಆಕೆ ಮೂರು ಚಿನ್ನದ ಪದಕಗಳನ್ನು ಗಳಿಸಿದರು.

ನಮ್ಮ ದೇಶದ ದೀಪಾ ಕರ್ಮಾಕರ್ ಅವರನ್ನು ಮರೆಯುವುದುಂಟೆ? ಭಾರತದ ಇನ್ನೊಂದು ಗಡಿಯಾದ ತ್ರಿಪುರದ ಅಗರ್ತಲಾದ ಹುಡುಗಿ. ಬಾಲ್ಯದಲ್ಲಿ ಆಕೆಯದು ಚಪ್ಪಟೆ ಪಾದ, ಜಿಗಿತಕ್ಕೆ ಅನುಕೂಲವಲ್ಲದ ಪಾದ. ಗುರು ಬಿಶ್ವೇಶ್ವರ ನಂದಿಯವರು ಆರಂಭದ ದಿನಗಳಲ್ಲಿ ಹಳೆಯ ಸ್ಕೂಟರಿನ ಬಿಡಿಭಾಗಗಳಿಂದ ಮಾಡಿದ ಸಲಕರಣೆಯಿಂದ ಕಲಿಸಿದರೆಂದು ಪತ್ರಿಕೆಗಳು ಬರೆದಿವೆ. 2016ರಲ್ಲಿ ರಿಯೋ ಒಲಿಂಪಿಕ್ಸಿನಲ್ಲಿ, ಕೈಯೂರಿ ಚಿಮ್ಮಿ ಮುಮ್ಮುಖವಾಗಿ ಎರಡು ಲಾಗ ಹಾಕುವ ‘ಪ್ರೊಡುನೋವಾ’ ಎಂಬ ಅತಿ ಕಠಿಣ ನೆಗೆತವನ್ನು ಆಕೆ ಮಾಡಿ 15.066 ಅಂಕಗಳೊಡನೆ ನಾಲ್ಕನೆಯ ಸ್ಥಾನ ಪಡೆದರು. ಕಂಚಿನ ಪದಕ ತಪ್ಪಿದ್ದು ಕೇವಲ 0.150 ಅಂಕದಿಂದ. ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದ ಭಾರತದ ಮೊದಲ ಮಹಿಳಾ ಜಿಮ್ನಾಸ್ಟ್ ಆಕೆ. ದೊಡ್ಡ ನಗರದ ದೊಡ್ಡ ಸೌಕರ್ಯ ಅಲ್ಲಿರಲಿಲ್ಲ. ಬಲ್ಲ ಗುರು, ಬಿಡದ ಅಭ್ಯಾಸ, ಕ್ರಮವಾದ ಪಾಠ, ಇವಿದ್ದವು.

ನಮಗೂ ಈ ವಿದ್ಯೆ ಪರಕೀಯವಲ್ಲ. ಇಲ್ಲಿಂದ ತೆಂಕಣಕ್ಕೆ ರೈಲು ಹತ್ತಿದರೆ ಸಿಗುವ ತಲಶ್ಶೇರಿಯ ಸಮೀಪ ಚಿರಕ್ಕರದಲ್ಲಿ ಕೀಲೇರಿ ಕುಂಞಿಕಣ್ಣನ್ ಅವರು 1901ರಲ್ಲಿ ಸರ್ಕಸ್ ತರಬೇತಿ ಶಾಲೆಯನ್ನು ತೆರೆದರು. ಭಾರತದ ಸರ್ಕಸ್ಸಿಗೆ ತಲಶ್ಶೇರಿಯು ತವರೆನಿಸಿದ್ದು ಅವರಿಂದ. ಇನ್ನು ನಮ್ಮ ತೆಂಕುತಿಟ್ಟಿನ ಯಕ್ಷಗಾನದ ಮಾತನ್ನು ಹೇಳಲೇಬೇಕಿಲ್ಲ. ಕುಂಬಳೆಯ ಪಾರ್ತಿಸುಬ್ಬನ ನೆಲವಿದು. ಪುಂಡುವೇಷಧಾರಿಯು ಚೆಂಡೆಯ ಪೆಟ್ಟಿಗೆ ಸರಿಯಾಗಿ ಧೀಂಗಿಣದ ಮೇಲೆ ಧೀಂಗಿಣ ಹಾಕುವಾಗ ಚಪ್ಪಾಳೆ ತಟ್ಟುವ ನಾವು, ಆ ಹಾರು ಸುತ್ತಿನಲ್ಲಿಯೂ ಇದೇ ನೂಕುಬಲ, ಇದೇ ಕೋನೀಯ ಸಂವೇಗ ಕೆಲಸ ಮಾಡುತ್ತಿದೆಯೆಂದು ಯೋಚಿಸುವುದಿಲ್ಲ. ಇಳಿಯುವಾಗ ಮೊಣಕಾಲು ತಾಳುವ ಪೆಟ್ಟನ್ನೂ ಯೋಚಿಸುವುದಿಲ್ಲ. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಮೇಳದ ತಿರುಗಾಟ ಮಾಡಿದವರಿದ್ದಾರೆ. ಆ ಮೊಣಕಾಲುಗಳ ಕಥೆಯನ್ನು ಅವರೇ ಹೇಳಿಯಾರು.

ಈಗ ಭಾಷೆಯ ಪ್ರಶ್ನೆಗೆ ಬರುತ್ತೇನೆ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದವನು ನಾನು. ‘ಕನ್ನಡದಲ್ಲಿ ಕಥೆ ಕವನ ಸಾಕು, ವಿಜ್ಞಾನಕ್ಕೆ ಇಂಗ್ಲಿಷೇ ಬೇಕು’ ಎಂದು ಹೇಳಿ ಮಕ್ಕಳನ್ನು ನಮ್ಮ ಶಾಲೆಯಿಂದ ಬಿಡಿಸಿ ಒಯ್ದ ಹೆತ್ತವರನ್ನು ಸಾಕಷ್ಟು ಕಂಡಿದ್ದೇನೆ. ಮೇಲೆ ಬರೆದುದನ್ನು ಇಲ್ಲಿಯವರೆಗೆ ಓದಿದ ವಾಚಕರು ತಾವೇ ತೀರ್ಮಾನಿಸಲಿ. ದೋಟಿ, ಬಸ್ಸು, ಬಂಡಿಯ ಚಕ್ರ, ಇವುಗಳಿಂದ ಆರಂಭಿಸಿದರೆ ಕೋನೀಯ ಸಂವೇಗವು ಕನ್ನಡದಲ್ಲಿ ಹೇಳಲಾಗದ ವಿಷಯವೇ? ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಎಂಬಂತೆ ಬದುಕುವ ನಮ್ಮ ಮಕ್ಕಳು ಭಾಷೆಯಿಂದ ಭಾಷೆಗೆ ಲಾಗ ಹಾಕುವುದರಲ್ಲಿ ಮೊದಲೇ ನಿಪುಣರು. ಅವರಿಗೆ ಕೊರತೆಯಾದುದು ಭಾಷೆಯದಲ್ಲ. ಪಾಠವನ್ನು ಕೈಗೆ ಕಾಲಿಗೆ ಮುಟ್ಟಿಸುವ ಅವಕಾಶ ಅವರಿಗೆ ಸಿಕ್ಕಿಲ್ಲ. ಒಂದು ಪಠ್ಯಪುಸ್ತಕಕ್ಕೆ ದಾರ ಕಟ್ಟಿ ಮೂರು ಬಗೆಯಲ್ಲಿ ತಿರುಗಿಸಿ ಮೇಲಕ್ಕೆಸೆಯಲು ಮಕ್ಕಳಿಗೆ ಹೇಳಿ. ಎರಡು ಬಗೆಯಲ್ಲಿ ಅದು ನೆಟ್ಟಗೆ ತಿರುಗಿ ಕೈಗೆ ಬರುತ್ತದೆ, ನಡುವಿನ ಅಕ್ಷದ ಸುತ್ತ ತಿರುಗಿಸಿದಾಗ ಮಾತ್ರ ಎಷ್ಟು ಜಾಗ್ರತೆ ವಹಿಸಿದರೂ ಮಗುಚಿಕೊಳ್ಳುತ್ತದೆ. ಮೈಯನ್ನು ನೆಟ್ಟಗೆ ಚಾಚಿ ಲಾಗ ಹಾಕುವವರು ಕೈಗಳ ಸ್ಥಾನವನ್ನು ಅಷ್ಟು ಎಚ್ಚರದಿಂದ ಕಾಯ್ದುಕೊಳ್ಳುವುದು ಈ ಅಸ್ಥಿರತೆಯನ್ನು ಗೆಲ್ಲುವುದಕ್ಕಾಗಿ. ಒಂದು ಪುಸ್ತಕ, ಒಂದು ಗೇಣು ದಾರ ಸಾಕು. ಇದಕ್ಕೆ ಪ್ರಯೋಗಾಲಯವೂ ಬೇಡ, ಪರಭಾಷೆಯೂ ಬೇಡ.

ನನ್ನ ಮಾತಿಗೆ ಬರಬಹುದಾದ ಆಕ್ಷೇಪಗಳು ನನಗೆ ಗೊತ್ತಿವೆ. ‘ಕಾಲು ಮುರಿದರೆ ಹೊಣೆ ಯಾರು?’ ಎಂಬುದು ಮೊದಲನೆಯದು. ಇದು ನ್ಯಾಯವಾದ ಪ್ರಶ್ನೆ. ಹಿಂಲಾಗವನ್ನು ಎಲ್ಲ ಮಕ್ಕಳಿಗೂ ಕಲಿಸಬೇಕೆಂದು ನಾನು ಹೇಳುತ್ತಿಲ್ಲ. ಮುಂದಕ್ಕೆ ಉರುಳುವುದು, ಹಿಂದಕ್ಕೆ ಉರುಳುವುದು, ಕೈಗಳ ಮೇಲೆ ನಿಲ್ಲುವುದು, ಬಂಡಿಚಕ್ರ, ಇಳಿಯುವಾಗ ಮೊಣಕಾಲು ಬಾಗಿಸುವುದು, ಇಷ್ಟನ್ನು ಮೆತ್ತೆಯ ಮೇಲೆ, ತರಬೇತಿ ಪಡೆದ ಶಿಕ್ಷಕರ ಕಣ್ಣಮುಂದೆ, ಎಲ್ಲ ಮಕ್ಕಳೂ ಕಲಿಯಲಿ. ಬೀಳುವುದನ್ನು ಕಲಿತ ಮಗು ಬಾಳಿನಲ್ಲಿ ಎಲ್ಲಿ ಜಾರಿದರೂ ಕಡಿಮೆ ಪೆಟ್ಟು ಮಾಡಿಕೊಳ್ಳುತ್ತದೆ. ಅದಕ್ಕಿಂತ ಮೇಲಿನದು ಆಸಕ್ತಿ, ಯೋಗ್ಯತೆಗಳಿದ್ದವರಿಗೆ ಮಾತ್ರ, ಅದೂ ಕೈಯಾಸರೆ ಕೊಡಬಲ್ಲ ಗುರುವಿರುವಲ್ಲಿ ಮಾತ್ರ. ನಾವು ಬೇಡವೆಂದ ಮಾತ್ರಕ್ಕೆ ಮಕ್ಕಳು ಲಾಗ ಹಾಕುವುದನ್ನು ಬಿಡುವುದಿಲ್ಲ. ಇಂದು ಮೊಬೈಲಿನಲ್ಲಿ ನೋಡಿ, ಯಾರಿಗೂ ಹೇಳದೆ, ಗಟ್ಟಿ ನೆಲದ ಮೇಲೆಯೇ ಹಾಕುತ್ತಾರೆ.

‘ಪರೀಕ್ಷೆಯ ಅಂಕಗಳಿಗೆ ಇದರಿಂದೇನು?’ ಎಂಬುದು ಎರಡನೆಯ ಆಕ್ಷೇಪ. ಪರೀಕ್ಷೆ ಹತ್ತಿರವಾಯಿತೆಂದರೆ ಆಟದ ಪೀರಿಯಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವ ಪದ್ಧತಿ ಎಲ್ಲ ಕಡೆಯೂ ಇದೆ. ಗಡಿನಾಡಿನ ಕನ್ನಡ ಶಾಲೆಗಳಲ್ಲಿ, ನಮ್ಮ ಫಲಿತಾಂಶವು ಯಾರಿಗೂ ಕಡಿಮೆಯಾಗಬಾರದೆಂಬ ಹಟದಿಂದ, ಇದು ಇನ್ನೂ ಹೆಚ್ಚು. ಆ ಹಟವನ್ನು ನಾನು ಗೌರವಿಸುತ್ತೇನೆ. ಆದರೆ ಆಟದ ಬಯಲಿನಲ್ಲಿ ಮೈಯಿಂದ ಕಲಿಯಬಹುದಾದ ನ್ಯೂಟನ್ನನನ್ನು ಬೆಂಚಿನ ಮೇಲೆ ಕೂರಿಸಿ ಬಾಯಿಪಾಠ ಮಾಡಿಸುವುದು ಯಾವ ಲಾಭದ ವ್ಯಾಪಾರ? 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಬಯಲೂ ಆಟದ ಸಲಕರಣೆಗಳೂ ಇರಬೇಕೆಂದು ಹೇಳಿದೆ. ಆಟವು ಮಕ್ಕಳಿಗೆ ನಾವು ಕೊಡುವ ಬಹುಮಾನವಲ್ಲ, ಅದು ಅವರ ಪಾಲು.

ಕೊನೆಯದಾಗಿ, ಹಳೆ ವಿದ್ಯಾರ್ಥಿ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಸುವರ್ಣ ಮಹೋತ್ಸವದ ಸವಿನೆನಪಿಗಾಗಿ ಶಾಲೆಗೆ ಒಂದು ಮಹಾದ್ವಾರವನ್ನು ಕಟ್ಟಿಸಿ, ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವುದು ಎಲ್ಲೆಡೆಯೂ ನಡೆದು ಬಂದ ಸಂಪ್ರದಾಯ. ದ್ವಾರವು ಶೋಭೆ ತರುವುದು ನಿಜ. ಆದರೆ ಅದರ ಕೆಳಗೆ ಹಾದು ಒಳಬರುವ ಮಕ್ಕಳಿಗೆ ಅದು ಏನನ್ನೂ ಕಲಿಸಲಾರದು. ದ್ವಾರಕ್ಕೆ ತಗಲುವ ಹಣದ ಒಂದಂಶದಲ್ಲಿ ಆಟದ ಬಯಲಿನ ಮೂಲೆಯಲ್ಲಿ ಆಳವಾದೊಂದು ಮರಳಿನ ಗುಂಡಿ, ಮಳೆಗಾಲದಲ್ಲೂ ಉಪಯೋಗಿಸಬಹುದಾದ ಮಾಡು, ಕೆಲವು ಒಳ್ಳೆಯ ಮೆತ್ತೆಗಳು, ದೈಹಿಕ ಶಿಕ್ಷಕರಿಗೆ ರಜಾದಿನಗಳಲ್ಲಿ ತರಬೇತಿ, ಇಷ್ಟನ್ನು ಒದಗಿಸಬಹುದು. ಆಟದ ಪೀರಿಯಡನ್ನು ಯಾವ ಕಾರಣಕ್ಕೂ ಬೇರೆ ವಿಷಯಕ್ಕೆ ಬಿಟ್ಟುಕೊಡುವುದಿಲ್ಲವೆಂಬ ನಿರ್ಣಯವನ್ನು ರಕ್ಷಕ ಶಿಕ್ಷಕ ಸಂಘವು ಈ ವರ್ಷವೇ ಕೈಗೊಳ್ಳಬಹುದು. ಅದಕ್ಕೆ ಬಿಡಿಗಾಸಿನ ಖರ್ಚೂ ಇಲ್ಲ.

ಶಾಲೆಯ ಮುಂದಿನ ಐವತ್ತು ವರ್ಷಗಳನ್ನು ನೋಡುವ ಭಾಗ್ಯ ನನ್ನ ಪ್ರಾಯದವರಿಗಿಲ್ಲ. ಅದನ್ನು ನೋಡಲಿರುವ ಮಕ್ಕಳು ನೆಲವನ್ನು ಗಟ್ಟಿಯಾಗಿ ಒತ್ತಿ, ಎತ್ತರಕ್ಕೆ ಏರಿ, ಯಾವ ಪೆಟ್ಟೂ ಆಗದಂತೆ ಕಾಲೂರಿ ನಿಲ್ಲುವುದನ್ನು ಇದೇ ಬಯಲಿನಲ್ಲಿ, ಇದೇ ಭಾಷೆಯಲ್ಲಿ ಕಲಿಯುವಂತಾಗಲೆಂದು ಹಾರೈಸುತ್ತೇನೆ. ಮಹೋತ್ಸವವು ಯಶಸ್ವಿಯಾಗಲಿ.